ಒಂಬತ್ತು ಗಂಟೆ, ಯಾವೂರ ಒಂಬತ್ತು?

ದೇವದುರ್ಗದ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ನಾನು ದಿನವೂ ರಾಯಚೂರಿನಿಂದ ಬಸ್ಸಿಗೆ ಓಡಾಡುತ್ತಿದ್ದೆ. ಎಂಟಕ್ಕೆ ಹತ್ತಿದರೆ ಹತ್ತಕ್ಕೆ ಇಳಿಯುವುದು. ಎರಡು ತಾಸಿನ ದಾರಿ, ಅಷ್ಟೇ ಲೆಕ್ಕ. ವಿಮಾನಕ್ಕೂ ಅದೇ ಲೆಕ್ಕ ಹಾಕಿ ಒಮ್ಮೆ ಪೇಚಿಗೆ ಸಿಕ್ಕುವವನಿದ್ದೆ.

2023ರ ಜನವರಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಮಗಳು ಮೂರು ವರ್ಷದ ಮೇಲೆ ಬರುವವಳಿದ್ದಳು. ಅಲ್ಲೇ ಹುಟ್ಟಿದ ಮೊಮ್ಮಗನನ್ನು ನಮ್ಮಾಕೆ ಫೋನಿನಲ್ಲಿ ನೋಡಿದ್ದಳೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. "8ನೇ ತಾರೀಖು ರಾತ್ರಿ ಒಂಬತ್ತಕ್ಕ ಹೊರಡ್ತೀವಿ ಅಪ್ಪ, ಬೆಂಗಳೂರಿಗೆ ನೇರ ವಿಮಾನ, ಹದಿನೆಂಟು ತಾಸು" ಅಂದಳು. ಕೂಡಿಸಿದೆ: 9ರ ಮಧ್ಯಾಹ್ನ ಮೂರು. 8ರ ರಾತ್ರಿಯ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಇಬ್ಬರಿಗೂ ಟಿಕೆಟ್ ಮಾಡಿಸಿದೆ.

ಭಾನುವಾರ ಮಾನ್ವಿಯಿಂದ ಮಗನ ಮಗಳು ಬಂದಿದ್ದಳು, ಏಳನೇ ತರಗತಿ. ಟಿಕೆಟ್ ನೋಡಿ, "ತಾತ, ರಾತ್ರಿ ಒಂಬತ್ತು ಅಂದ್ರ ಯಾವೂರ ಒಂಬತ್ತು?" ಅಂದಳು.

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಅಲ್ಲಿ 8ರ ರಾತ್ರಿ ಒಂಬತ್ತಾದಾಗ ರಾಯಚೂರಿನಲ್ಲಿ 9ರ ಬೆಳಿಗ್ಗೆ ಹತ್ತೂವರೆ! ಅದಕ್ಕೆ ಹದಿನೆಂಟು ಕೂಡಿಸಿದರೆ 10ರ ನಸುಕಿನ ನಾಲ್ಕೂವರೆ. ಮೊಣಕಾಲು ನೋವಿನ ಮುದುಕಿಯನ್ನು ಒಂದು ಹಗಲು, ಒಂದು ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಕೂಡಿಸುವವನಿದ್ದೆ. ಮರುದಿನವೇ ಟಿಕೆಟ್ ರದ್ದು ಮಾಡಿಸಿ 9ರ ರೈಲಿಗೆ ಬದಲಿಸಿದೆ. ದುಡ್ಡು ಸ್ವಲ್ಪ ಹೋಯಿತು, ಹೋಗಲಿ.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಅಟ್ಲಾಸ್ ತೆರೆದು ಎರಡೂ ಊರಿಗೆ ಅಡ್ಡ ಗೆರೆ ಎಳೆದು, "ಇದೇ ದಾರಿ ಅಲ್ಲೇನು?" ಅಂದಳು. ಅಲ್ಲ ಮಕ್ಕಳೇ. ಭೂಮಿ ಹಾಳೆಯಲ್ಲ. ಒಂದು ಮೂಸಂಬಿ ತರಿಸಿದೆ. ಬೆಂಗಳೂರು 77 ಡಿಗ್ರಿ ಪೂರ್ವಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮಕ್ಕೆ. ಹೆಚ್ಚುಕಡಿಮೆ ಹಣ್ಣಿನ ಆ ಮಗ್ಗುಲು, ಈ ಮಗ್ಗುಲು. ಎರಡೂ ಕಡೆ ಗುಂಡುಸೂಜಿ ಚುಚ್ಚಿ ದಾರ ಬಿಗಿಯಾಗಿ ಎಳೆದರೆ, ಅದು ತೊಟ್ಟಿನ ಹತ್ತಿರ, ಅಂದರೆ ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಆ ದಾರದ ದೂರ ಸುಮಾರು 14,000 ಕಿಲೋಮೀಟರ್. ಗಾಳಿ ನೋಡಿ ಪೈಲಟ್‌ಗಳು ದಾರಿ ಬದಲಿಸುವುದರಿಂದ ನಿಜವಾಗಿ ಹಾರುವುದು ಇನ್ನೂ ಹೆಚ್ಚು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ಧ್ರುವದ ಮೇಲೆ ಹಾರಿಸಿ ತಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು. ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಇದನ್ನು ಕೇಳಿ ನಮ್ಮ ಹುಡುಗಿ ಮೂಸಂಬಿ ಸುಲಿಯುವುದನ್ನೇ ಮರೆತಳು.

ನಿಮಗೊಂದು ಲೆಕ್ಕ. ಅದೇ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಅಂದೇ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರೆ, ಹಾರಿದ್ದು ಎಷ್ಟು ತಾಸು? ತಾತನ ಹಾಗೆ ಆತುರ ಬೇಡ.

10ರ ನಸುಕಿನಲ್ಲಿ ಮೊಮ್ಮಗ ಅಜ್ಜಿಯ ತೋಳಿಗೆ ಬಂದಾಗ ಕಣ್ಣರಳಿಸಿಕೊಂಡು ಎಚ್ಚರವಾಗಿಯೇ ಇದ್ದ. ಅವನಿಗಿನ್ನೂ ಹಿಂದಿನ ದಿನದ ಹಗಲು! ರಾಯಚೂರಿಗೆ ಬಂದ ಮೇಲೂ ಒಂದು ವಾರ ರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ನಿಲ್ಲುತ್ತಿದ್ದ. ನಮ್ಮಾಕೆ ಗೊಣಗದೆ ಎದ್ದು, ಒಂದು ಬುಟ್ಟಿ ಮಂಡಾಳು ಮುಂದಿಟ್ಟುಕೊಂಡು ಅವನ ಜೊತೆ ಬೆಳಗಿನವರೆಗೆ ಕೂತಿರುತ್ತಿದ್ದಳು.