ವಿವಿಧ ಕಲಾತಂಡಗಳಿಂದ

ಜಾತ್ರೆಗೆ ಹೋಗುವವರಲ್ಲಿ ಹಲವು ಬಗೆಯುಂಟು. ದೇವರ ದರ್ಶನಕ್ಕೆಂದು ಹೋಗುವವರು ಕೆಲವರು. ಹರಕೆ ತೀರಿಸಲು ಹೋಗುವವರು ಕೆಲವರು. ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯ ಮುಂದೆ ನಿಲ್ಲುವುದರಲ್ಲಿಯೇ ಪುರುಷಾರ್ಥವನ್ನು ಕಾಣುವವರು ಬಹುಮಂದಿ. ಇವರಾರ ಗುಂಪಿಗೂ ಸೇರದ ಸಣ್ಣ ಪಂಗಡವೊಂದಿದೆ. ಈ ಪಂಗಡದವರು ಜಾತ್ರೆಗೆ ಹೋಗುವುದು ತೇರಿನ ಮುಂದೆ ಬರುವ ಮೇಳಗಳನ್ನು ಕೇಳುವುದಕ್ಕಾಗಿ. ಡೊಳ್ಳಾಗಲಿ, ಸಮಾಳವಾಗಲಿ, ತಮಟೆಯಾಗಲಿ, ಬ್ಯಾಂಡ್‌ಸೆಟ್ಟೇ ಆಗಲಿ, ಮನುಷ್ಯರು ಕೈಯಾರೆ ಬಾರಿಸುವ, ಬಾಯಾರೆ ಊದುವ ವಾದ್ಯವಾಗಿದ್ದರೆ ಅವರಿಗೆ ಸಾಕು.

ನಾನು ಈ ಪಂಗಡಕ್ಕೆ ಸೇರಿದವನು. ವೃತ್ತಿಯಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದರೂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಜಾತ್ರೆ ಪರಿಷೆಗಳಲ್ಲಿ ಇಪ್ಪತ್ತೈದು ವರ್ಷಗಳಿಂದ ಮೇಳಗಳ ಬೆನ್ನು ಹಿಡಿದು ಅಲೆದಿದ್ದೇನೆ. ಮನೆಯವರು ಇದನ್ನು ಹುಚ್ಚೆನ್ನುತ್ತಾರೆ. ವಾಚಕರೂ ಹಾಗೆಯೇ ಎನ್ನಬಹುದು; ಆದರೆ ಹುಚ್ಚನ ಮಾತನ್ನು ಒಮ್ಮೆ ಪೂರ್ತಿಯಾಗಿ ಕೇಳಿದ ಮೇಲೆ ಎನ್ನಲಿ.

ಮೇಳವನ್ನು ಕೇಳುವುದೆಂದರೇನು ಎಂಬುದನ್ನು ಮೊದಲು ಹೇಳಬೇಕು. ಹೊನ್ನಾಳಿಯ ಕಡೆಯ ಹೊಳೆದಂಡೆಯ ಒಂದು ಊರು. ತೇರು ನಿಲ್ಲಿಸಿಯಾಗಿದೆ, ಕತ್ತಲಾಗುತ್ತ ಬಂದಿದೆ. ಬಯಲಿನ ಒಂದು ಮೂಲೆಯಲ್ಲಿ ಡೊಳ್ಳಿನವರು ಕುಳಿತು ಹಗ್ಗ ಬಿಗಿಯುತ್ತಿದ್ದಾರೆ. ಬಿಗಿಯುವುದು, ಒಂದೇಟು ಹಾಕಿ ಕಿವಿಗೊಟ್ಟು ಕೇಳುವುದು, ಮತ್ತೆ ಬಿಗಿಯುವುದು. ಪಕ್ಕದಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿಯಿಟ್ಟು ಚರ್ಮ ಕಾಯಿಸುತ್ತಿದ್ದಾರೆ. ನನ್ನಂಥವನಿಗೆ ಜಾತ್ರೆ ಮೊದಲಾಗುವುದು ಇಲ್ಲಿಂದಲೇ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಡೊಳ್ಳನ್ನು ಕೊರಳಿಗೆ ಏರಿಸಿಕೊಳ್ಳುತ್ತಾರೆ. ಒಂದು ಮಗ್ಗುಲಿಗೆ ಕೋಲಿನ ಏಟು, ಇನ್ನೊಂದು ಮಗ್ಗುಲಿಗೆ ಬರಿಗೈಯ ಏಟು. ಮೊದಲು ನಡಿಗೆ ನಿಧಾನ. ಹತ್ತು ನಿಮಿಷ ಕಳೆಯುವ ಹೊತ್ತಿಗೆ ಆ ನಾದ ಕಿವಿಯನ್ನು ಬಿಟ್ಟು ಎದೆಗೂಡಿಗೇ ನೇರವಾಗಿ ಬಂದು ತಾಗುತ್ತದೆ. ಕಾಲಡಿಯ ನೆಲ ಅದುರುತ್ತದೆ.

ಅಷ್ಟರಲ್ಲಿ ನೆರೆಯೂರಿನ ಇನ್ನೊಂದು ಮೇಳ ಎದುರಿಗೆ ಬಂದು ನಿಂತರೆ ಕೇಳುವವನ ಭಾಗ್ಯ! ಇವರು ಒಂದು ಗತ್ತನ್ನು ಬಾರಿಸಿ ನಿಲ್ಲಿಸುತ್ತಾರೆ. ಅವರು ಅದನ್ನೇ ಎತ್ತಿಕೊಂಡು ಒಂದೇಟು ಹೆಚ್ಚಿಗೆ ಸೇರಿಸಿ ಹಿಂದಕ್ಕೆ ಕೊಡುತ್ತಾರೆ. ಜನ ತಾವಾಗಿಯೇ ದುಂಡಗೆ ನೆರೆಯುತ್ತಾರೆ. ಮುದುಕರೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಯಾರೋ ನುಗ್ಗಿ ಬಂದು ಹತ್ತು ರೂಪಾಯಿಯ ನೋಟನ್ನು ಮುಂದಾಳಿನ ಅಂಗಿಗೆ ಸಿಕ್ಕಿಸಿ ಹೋಗುತ್ತಾರೆ. ನಮ್ಮ ಗಮನ ತುಸು ಸಡಿಲವಾಯಿತೋ, ಮುಂದಾಳು ಅದನ್ನು ನಮ್ಮ ಮುಖದಲ್ಲಿಯೇ ಓದಿ ನಡೆಯನ್ನು ಬದಲಿಸುತ್ತಾನೆ. ಆದಕಾರಣ ಅಲ್ಲಿ ಕೇಳುವವನು ಸುಮ್ಮನೆ ಕೇಳುವವನಲ್ಲ, ಬಾರಿಸುವವನ ಪಾಲುಗಾರ. ಮೇಳವೆಂಬ ಮಾತಿಗೆ ಕೂಡುವಿಕೆಯೆಂದೂ ಅರ್ಥ, ವಾದ್ಯಗಾರರ ತಂಡವೆಂದೂ ಅರ್ಥ, ಜನ ನೆರೆದ ಉತ್ಸವವೆಂದೂ ಅರ್ಥ. ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದವರು ವ್ಯರ್ಥವಾಗಿ ಹಿಡಿದಿರಲಾರರು.

ಈ ನಾಲ್ಕು ಸೀಮೆಗಳು ಒಂದು ಜಿಲ್ಲೆಯ ಹೆಸರಿಗೆ ಬಂದದ್ದು 1997ರಲ್ಲಿ, ದಾವಣಗೆರೆ ಜಿಲ್ಲೆಯಾದಾಗ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ತಾಲ್ಲೂಕಾದದ್ದಂತೂ ತೀರ ಈಚೆಗೆ. ಆದರೆ ಮೇಳಗಳು ಈ ಎಲ್ಲೆಗಳನ್ನು ಎಂದೂ ಕೇಳಿ ನಡೆದವಲ್ಲ. ಚನ್ನಗಿರಿಯ ಅಡಿಕೆ ತೋಟಗಳ ತಂಪಿನಲ್ಲಿ ಡೊಳ್ಳಿಗೆ ಒಂದು ಬಗೆಯ ಗಂಭೀರ ಧ್ವನಿ. ಜಗಳೂರಿನ ಒಣ ಬಯಲಿಗೆ ಬಂದರೆ ಅದೇ ಡೊಳ್ಳು ಗಣಗಣ ಎನ್ನುತ್ತದೆ. ಜಗಳೂರಿನ ಕಡೆ ವೀರಭದ್ರನ ಜಾತ್ರೆಗಳಲ್ಲಿ ಪುರವಂತರ ಒಡಪಿನ ನಡುವೆ ಸಮಾಳದ ಏಟು ಬೀಳುವುದನ್ನು ಕೇಳಬೇಕು. ಒಡಪು ನಿಲ್ಲುವುದೂ ಸಮಾಳ ಎದ್ದುಕೊಳ್ಳುವುದೂ ಒಂದೇ ಕ್ಷಣ. ತರಳಬಾಳು ಹುಣ್ಣಿಮೆಯ ಮಹೋತ್ಸವ 2018ರಲ್ಲಿ ಜಗಳೂರಿನಲ್ಲಿ ನಡೆದಾಗ ಒಂಬತ್ತು ದಿನಗಳೂ ಆ ಊರು ಊರಾಗಿರದೆ ಒಂದು ದೊಡ್ಡ ಅಂಗಳವಾಗಿತ್ತು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಮಾತೇ ಬೇರೆ. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಫೆಬ್ರವರಿ ತಿಂಗಳ ನಡುವೆ ಅಲ್ಲಿಗೆ ನಾನಾ ಕಡೆಯ ತಾಂಡಾಗಳಿಂದ ಜನ ಮಾಲೆ ಧರಿಸಿ ನಡೆದು ಬರುತ್ತಾರೆ. ನಗಾರಿ, ಕಂಚಿನ ತಟ್ಟೆ, ಕೊರಳು, ಇಷ್ಟೇ ಪರಿಕರ. ಹಾಡುವವರು ಯಾರು, ಕೇಳುವವರು ಯಾರು ಎಂದು ಅಲ್ಲಿ ಬೇರ್ಪಡಿಸಲಾಗದು. ಭಾಷೆ ತಿಳಿಯದ ನಾನೂ ಎರಡು ಗಂಟೆ ಕುಳಿತಿದ್ದೆ. ಅನ್ಯನೆಂದು ನನಗೆ ತೋರಲಿಲ್ಲ.

ಹೊರಗಿನ ಲೋಕದಲ್ಲಿಯೂ ಈ ಹುಚ್ಚಿಗೆ ಬರವಿಲ್ಲ. 1969ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿ ಒಂದು ಹೊಲದಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ನಡೆಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮಳೆಯಲ್ಲಿ, ಕೆಸರಿನಲ್ಲಿ ನಿಂತು ಒಂದಾದ ಮೇಲೊಂದು ವಾದ್ಯಮೇಳವನ್ನು ಕೇಳಿದರು. ನಮ್ಮ ರವಿಶಂಕರರು ಆ ಮೊದಲ ರಾತ್ರಿ ಮಳೆಯಲ್ಲಿಯೇ ಸಿತಾರ್ ನುಡಿಸಿದರು. ಅಷ್ಟು ದೂರವೇಕೆ? ಬೆಂಗಳೂರಿನಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ ರಾಮನವಮಿಯ ಕಚೇರಿಗಳಿಗೆ ಇಂದಿಗೂ ಜನ ಹೋಗಿ ಗಂಟೆಗಟ್ಟಲೆ ಕೂರುತ್ತಾರೆ. ವಿದ್ವಾಂಸರು ರಾಗವನ್ನು ವಿಸ್ತರಿಸುತ್ತಿರುವಾಗ ಯಾರೂ ಎದ್ದು, ಮುಖ್ಯ ಅತಿಥಿಗಳು ಬಂದರು, ನಿಲ್ಲಿಸಿರಿ ಎನ್ನುವುದಿಲ್ಲ. ಈ ಎರಡು ಕಡೆಗಳಲ್ಲಿಯೂ ಸಂಗೀತವೇ ಉತ್ಸವ. ನಮ್ಮ ಕಡೆ ಹಾಗಲ್ಲ. ಇಲ್ಲಿ ಉತ್ಸವವೇ ಬೇರೆ, ಸಂಗೀತವೇ ಬೇರೆ; ಸಂಗೀತವಿರುವುದು ಉತ್ಸವಕ್ಕೆ ದಾರಿ ಬಿಡಿಸಲು.

ಈ ಮಾತಿಗೆ ಸಾಕ್ಷಿ ಬೇಕಾದವರು ಯಾವುದಾದರೂ ಉತ್ಸವದ ಆಮಂತ್ರಣಪತ್ರಿಕೆಯನ್ನು ತೆರೆದು ನೋಡಲಿ. ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗುವವರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ನಲವತ್ತು ಹೆಸರುಗಳು, ನಲವತ್ತಕ್ಕೂ ಬಿರುದು ಬಾವಲಿಗಳು. ಇವೆಲ್ಲ ಮುಗಿದ ಮೇಲೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ವಿವಿಧ ಕಲಾತಂಡಗಳಿಂದ ಮೆರವಣಿಗೆ.’ ಯಾವ ತಂಡ? ಯಾವ ಊರಿನದು? ಮುಂದಾಳು ಯಾರು? ಕೇಳಬಾರದು. ಒಗ್ಗರಣೆಗೆ ಕರಿಬೇವಿನಂತೆ ಅವರು ಘಮಕ್ಕೆ ಬೇಕು. ಊಟಕ್ಕೆ ಕುಳಿತಾಗ ಎಲೆಯ ಅಂಚಿಗೆ. ಬಿಸಿಲಿನಲ್ಲಿ ಎರಡು ಮೈಲಿ ಬಾರಿಸುತ್ತ ನಡೆದು ಬಂದವರು ವೇದಿಕೆಯ ಹತ್ತಿರ ಬಂದೊಡನೆ ನಿಲ್ಲಿಸಬೇಕು, ಏಕೆಂದರೆ ಭಾಷಣ ಮೊದಲಾಗಬೇಕು. ಅವರ ಉತ್ತಮವಾದ ಬಾರಿಕೆಯನ್ನು ಕೇಳಿದವರು ದಾರಿಯ ಬದಿಯ ಅಂಗಡಿಯವರು ಮಾತ್ರ. 2022ರಲ್ಲಿ ಘೋಷಣೆಯಾದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಡೊಳ್ಳು’ ಎಂಬ ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ಮನ್ನಣೆ ದೊರೆಯಿತು. ನಾವೆಲ್ಲ ಹೆಮ್ಮೆಪಟ್ಟೆವು. ಡೊಳ್ಳಿನ ಚಿತ್ರಕ್ಕೆ ಹೆಮ್ಮೆಪಡುವುದಕ್ಕಿಂತ ಡೊಳ್ಳಿನ ಮುಂದೆ ಒಂದು ಗಂಟೆ ಕೂರುವುದು ಕಷ್ಟವೆಂದು ತೋರುತ್ತದೆ.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಾರ್ಯಕ್ರಮ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಬಹಳ ವರ್ಷಗಳಿಂದ ಬಲ್ಲ ಒಂದು ಡೊಳ್ಳಿನ ಮೇಳವನ್ನು ಅಭಿಮಾನದಿಂದ ಕರೆಸಿದೆ. ಅಭಿಮಾನವೇನೋ ಇತ್ತು, ಸಮಯವಿರಲಿಲ್ಲ. ಭಾಷಣಗಳು ಬೆಳೆದವು; ಕೊನೆಗೆ ಉಳಿದದ್ದು ಏಳು ನಿಮಿಷ. ಅವರು ಬಾರಿಸಿದರು. ಏಳನೆಯ ನಿಮಿಷಕ್ಕೆ ನಾನೇ ವೇದಿಕೆಯ ಅಂಚಿನಲ್ಲಿ ನಿಂತು ಕೈಸನ್ನೆ ಮಾಡಿ ಇಳಿಸಿದೆ. ಆಮೇಲೆ ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ, “ಯಜಮಾನರೆ, ಏನೂ ತಿಳಿದುಕೊಳ್ಳಬೇಡಿ” ಎಂದೆ. ಅವರು ಎಲೆಯಿಂದ ತಲೆಯೆತ್ತದೆ, “ಏಳು ನಿಮಿಷಕ್ಕೆ ಕೈನೇ ಬಿಸಿ ಆಗಂಗಿಲ್ಲ ಮೇಷ್ಟ್ರೇ. ಕೈ ಬಿಸಿ ಆಗೋ ಹೊತ್ತಿಗೆ ಇಳೀರಿ ಅಂದ್ರಿ” ಎಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಆಡಿದ್ದು ಕಸುಬಿನ ಮಾತು. ನೇಗಿಲನ್ನು ನೆಲಕ್ಕೆ ಊರುವ ಮೊದಲೇ ಹೋರಿ ಬಿಚ್ಚಲು ಹೇಳಿದರೆ ಒಕ್ಕಲಿಗ ಏನೆಂದಾನೋ ಅದನ್ನೇ ಅವರೂ ಎಂದರು. ಆ ಮೇಳದಲ್ಲಿ ಮೊದಲು ಹದಿನಾರು ಮಂದಿಯಿದ್ದರು. ಅಂದು ಬಂದವರು ಒಂಬತ್ತು ಮಂದಿ.

ಈಗ ತೇರಿನ ಮುಂದೆ ಬಂದಿರುವ ಡಿ.ಜೆ. ಪೆಟ್ಟಿಗೆಯ ಮಾತು. ಮೇಳಗಳನ್ನು ಕೊಂದದ್ದು ಈ ಪೆಟ್ಟಿಗೆಯೆಂದು ನನ್ನ ವಯಸ್ಸಿನವರೆಲ್ಲ ಹೇಳುತ್ತೇವೆ. ಪೆಟ್ಟಿಗೆಗೆ ಊಟ ಬೇಡ, ತಾಂಬೂಲ ಬೇಡ, ಬಸ್ಸಿನ ಖರ್ಚು ಬೇಡ. ರಾತ್ರಿಯಿಡೀ ಕೂಗಿದರೂ ಕೈ ಸೋಲದು. ಸಮಿತಿಯವರು ಅದನ್ನು ಟ್ರಾಕ್ಟರಿನ ಮೇಲೆ ಹೇರಿದರೆ ಲೆಕ್ಕದ ಪುಸ್ತಕದ ಮಟ್ಟಿಗೆ ಅವರನ್ನು ತಪ್ಪೆನ್ನಲಾಗದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಗಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ; ಪೊಲೀಸರು ಬಂದು ನಿಲ್ಲಿಸುವುದೂ ಉಂಟು. ಆದರೆ ಪೆಟ್ಟಿಗೆ ನಿಂತಮಾತ್ರಕ್ಕೆ ಡೊಳ್ಳು ಎದ್ದುಕೊಂಡದ್ದನ್ನು ನಾನು ಕಂಡಿಲ್ಲ. ಯೋಚಿಸಿದಷ್ಟೂ ನನಗೆ ತೋರುವುದು ಇದು: ಪೆಟ್ಟಿಗೆ ಯಾರನ್ನೂ ಓಡಿಸಲಿಲ್ಲ, ಬರಿದಾಗಿದ್ದ ಜಾಗದಲ್ಲಿ ಬಂದು ಕುಳಿತಿತು, ಅಷ್ಟೆ. ಮೇಳವನ್ನು ಕೇಳುವುದನ್ನು ಬಿಟ್ಟು, ಮೇಳದಿಂದ ಸದ್ದೊಂದನ್ನು ಮಾತ್ರ ನಾವು ಬಯಸತೊಡಗಿ ಬಹಳ ಕಾಲವಾಯಿತು. ಬರಿಯ ಸದ್ದಿಗಾಗಿಯೇ ಆದರೆ ಮನುಷ್ಯನೇಕೆ? ಯಂತ್ರವೇ ಸಾಕು. ಯಂತ್ರ ಬಂತು.

ಹಳೆಯದೆಲ್ಲ ಒಳ್ಳೆಯದು, ಹೊರಗಿನದೆಲ್ಲ ಕೆಟ್ಟದು ಎಂಬ ವಾದ ನನ್ನದಲ್ಲ. ನಮ್ಮೂರ ಮದುವೆಗಳಲ್ಲಿ ಊದುವ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟೂ ಟ್ರಂಪೆಟ್ಟೂ ಕಡಲಾಚೆಯಿಂದ ಬಂದವೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದವರಲ್ಲಿ ಜರ್ಮನಿಯ ಆಟೋ ಶ್ಮಿಟ್ ಒಬ್ಬರು. ಇಂದಿಗೂ ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ವಾದ್ಯವೃಂದದವರು ನುಡಿಸುವಾಗ ಜನ ಕುಳಿತು ಕೇಳುತ್ತಾರೆ. ನುಡಿಸುವವರಿಗೆ ಸಮಯವಿರುತ್ತದೆ, ಕೇಳುವವರಿಗೆ ಜಾಗವಿರುತ್ತದೆ. ಪರದೇಶದ ವಾದ್ಯ ನಮ್ಮದಾದದ್ದು ಹೀಗೆ ಕೇಳಿಸಿಕೊಂಡದ್ದರಿಂದ. ನಮ್ಮದೇ ವಾದ್ಯ ಪರದೇಶಿಯಾಗುತ್ತಿರುವುದು ಕೇಳದೆ ಬಿಟ್ಟದ್ದರಿಂದ.

ಆದುದರಿಂದ ನಾನು ಬೇಡುವುದು ದೊಡ್ಡ ಅನುದಾನವನ್ನಲ್ಲ, ಪ್ರಶಸ್ತಿಯನ್ನೂ ಅಲ್ಲ. ಉತ್ಸವ ಮಾಡುವವರು ಮೇಳಕ್ಕೆ ಒಂದು ಗಂಟೆ ಕೊಡಲಿ. ಆ ಗಂಟೆ ಭಾಷಣಕ್ಕೆ ಮೊದಲೇ ಇರಲಿ, ಜನ ಎದ್ದು ಹೋಗುವ ಕೊನೆಯ ಗಳಿಗೆಯಲ್ಲಿ ಬೇಡ. ಡೊಳ್ಳನ್ನು ಹಲಗೆಯ ವೇದಿಕೆಗೆ ಏರಿಸುವುದು ಬೇಡ. ನೆಲದ ಮೇಲೆ ದುಂಡಗೆ ಜಾಗ ಬಿಡಿಸಿ, ಸುತ್ತ ಜನ ಕೂರಲಿ. ಮೈಕಿನ ಅಗತ್ಯ ಅದಕ್ಕಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲುಗಳನ್ನು ಕಂಡಾಗಲೆಲ್ಲ, ಜನ ಹೀಗೆ ಸುತ್ತ ಕುಳಿತು ಒಂದನ್ನೇ ನೋಡುವುದು ಎಷ್ಟು ಚೆನ್ನ ಎಂದು ನನಗೆ ಅನಿಸುತ್ತದೆ. ಕಡೆಯದಾಗಿ, ಆಮಂತ್ರಣದಲ್ಲಿ ತಂಡದ ಹೆಸರು, ಊರು, ಮುಂದಾಳಿನ ಹೆಸರು ಇರಲಿ. ನಲವತ್ತರಲ್ಲಿ ನಾಲ್ಕು ಹೆಸರು ಕಡಿಮೆಯಾದರೆ ಜ್ಯೋತಿ ಬೆಳಗದೆ ಹೋದೀತೆ?

ಇದನ್ನು ಬರಿಯ ಉಪದೇಶವೆಂದು ವಾಚಕರು ತಿಳಿಯಬಾರದು. ಏಳು ನಿಮಿಷದ ಋಣ ನನ್ನ ತಲೆಯ ಮೇಲಿತ್ತು. ಈಚೆಗೆ ಇನ್ನೊಂದು ಸಮಾರಂಭದ ಪಟ್ಟಿ ನನ್ನ ಕೈಗೆ ಬಂದಾಗ ಅದೇ ಮೇಳವನ್ನು ಕರೆಸಿದೆ. ಪತ್ರಿಕೆಯಲ್ಲಿ ಅವರ ಹೆಸರು, ಊರು, ಸಮಯ ಎಲ್ಲವೂ ಅಚ್ಚಾಯಿತು. ಹೆಸರು ಬಿಟ್ಟುಹೋದ ಇಬ್ಬರು ಮಹನೀಯರು ನನ್ನೊಡನೆ ಇನ್ನೂ ಮಾತನಾಡುತ್ತಿಲ್ಲ. ಯಜಮಾನರು ಪತ್ರಿಕೆಯನ್ನು ಮೊಮ್ಮಗಳಿಂದ ಓದಿಸಿಕೊಂಡು, ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅಂದು ಅವರು ಬಾರಿಸಿದ್ದು ಒಂದು ಗಂಟೆ ಹತ್ತು ನಿಮಿಷ. ಸುಳ್ಳು ಹೇಳಲಾರೆ: ಮೊದಲ ಅರ್ಧ ಗಂಟೆಯಲ್ಲಿ ಅರ್ಧದಷ್ಟು ಜನ ಎದ್ದು ಹೋದರು.

ಉಳಿದವರು ಕೇಳಿದರು. ಕೊನೆಯ ಗತ್ತು ಮುಗಿದಾಗ ನನ್ನ ವಿದ್ಯಾರ್ಥಿಯೊಬ್ಬ ಹೋಗಿ, ಡೊಳ್ಳನ್ನು ಎತ್ತಿ ನೋಡಬಹುದೇ ಎಂದು ಕೇಳಿದ. ಯಜಮಾನರು ತಮ್ಮ ಕೊರಳಿನಿಂದ ತೆಗೆದು ಅವನ ಕೊರಳಿಗೆ ಹಾಕಿದರು. ಅದರ ಭಾರಕ್ಕೆ ಅವನು ಎರಡು ಹೆಜ್ಜೆ ಮುಂದಕ್ಕೆ ಬಾಗಿದ. ಆಮೇಲೆ ನೆಟ್ಟಗೆ ನಿಂತ.