ಯಾರ ಕಾವಲಿಗೆ ಈ ಎಚ್ಚರ?

ಎಚ್ಚರವಾಗಿರ್ರಪ್ಪಾ ಅಂತ ನಮಗೆ ಉಪದೇಶ ಮಾಡುವವರಿಗೆ ಲೆಕ್ಕವಿಲ್ಲ. ಈ ನೆಲದಲ್ಲಿ ನಮ್ಮಷ್ಟು ನಿದ್ದೆಗೆಟ್ಟವರು ಯಾರಿದ್ದಾರೆ ಸ್ವಾಮಿ? ತೋಟಿಗಳಾಗಿ ಊರು ಕಾದವರು ನಮ್ಮ ತಾತಂದಿರು. ಗೌಡರ ಕಣದಲ್ಲಿ ರಾಗಿ ರಾಶಿ ಪಕ್ಕ ಚಳಿಯಲ್ಲಿ ನಡುಗುತ್ತಾ ಕೂತವರೂ ಅವರೇ. ಆ ಎಚ್ಚರವೆಲ್ಲ ಪರರ ಕಾಳಿಗೆ ಕಾವಲಾಯಿತು. ಕೇರಿಗೆ ಬೆಂಕಿ ಬಿದ್ದಾಗ ಕಾಯುವವರು ಯಾರು?

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಮೇಲೆ ಕೇಸು ಕೋರ್ಟಿನ ಮೆಟ್ಟಿಲು ಹತ್ತಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಏಳು ಜನ ತಾವೇ ಸುಟ್ಟುಕೊಂಡರೇ? ಸಾಕ್ಷಿಗಳನ್ನು ಬಯ್ಯೋದು ಸುಲಭ. ಕೂಲಿಗೂ ನೀರಿಗೂ ಅದೇ ಊರವರ ಮುಂದೆ ನಿಲ್ಲಬೇಕಾದವನು ವರ್ಷಗಟ್ಟಲೆ ಒಬ್ಬನೇ ಹೇಗೆ ತಾಳುತ್ತಾನೆ?

ಸರ್ಕಾರಕ್ಕೂ ಎಚ್ಚರ ಅನ್ನೋ ಮಾತು ಗೊತ್ತು. 1995ರ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಜಿಲ್ಲೆಯದು ಕಡೆಯದಾಗಿ ಸೇರಿದ್ದು ಯಾವತ್ತು? ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ನಡಾವಳಿ ಕೇಳಿ. ಕೇಳುವವರಿಲ್ಲದಿದ್ದರೆ ಜಾಗೃತಿ ಸಮಿತಿಯೇ ಗೊರಕೆ ಹೊಡೆಯುತ್ತದೆ!

ಮೇಷ್ಟ್ರೇ, ಹಾಸ್ಟೆಲಿನ ಗೆಳೆಯರೇ, ಘೋಷಣೆ ಕೂಗಿ ಗಂಟಲು ಒಣಗಿಸಿಕೊಂಡರೆ ಸಾಲದು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಪೊಲೀಸರು ಸಹಿಗೆ ಮುಂಚೆ ಅದನ್ನು ಓದಿ ಹೇಳಬೇಕು, ಪ್ರತಿ ಕೊಡಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಅವ್ವ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿಸಿ. 60 ದಿನದೊಳಗೆ ಚಾರ್ಜ್‌ಶೀಟು ಹೋಯಿತೇ, ದಿನ ಎಣಿಸಿ. ಪ್ರತಿ ವಾಯಿದೆಗೂ ಸಾಕ್ಷಿಯ ಜೊತೆ ಬಸ್ಸು ಹತ್ತಿ, ಕೋರ್ಟಿನ ಜಗಲಿಯಲ್ಲಿ ಅವನ ಪಕ್ಕ ಕೂತುಕೊಳ್ಳಿ. ಅವನ ಬಾಯಿ ಕಟ್ಟಿಸಲು ಬಂದವರಿಗೆ ನೀವು ಕಾಣಬೇಕು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲು ಸುಟ್ಟ ಕೇಸಿನಲ್ಲಿ 98 ಮಂದಿಗೆ ಕೊಪ್ಪಳದ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಹಿಡಿಯಿತು. ಮರು ತಿಂಗಳೇ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಲ್ಲಿ ಜಾಮೀನು. ತೀರ್ಪು ಬಂತೆಂದು ಪಟಾಕಿ ಹೊಡೆದು ಮಲಗಿದರೆ ಕೆಟ್ಟೆವು.

ಪರರ ಕಣ ಕಾದದ್ದು ಸಾಕು. ನಿಮ್ಮ ಠಾಣೆಯಲ್ಲಿ ಕೊಳೆಯುತ್ತಿರುವ ಕೇಸು ಯಾವುದು? ಅದರ ಮುಂದಿನ ವಾಯಿದೆ ಎಂದು? ಮೊದಲು ಅದನ್ನು ಬರೆದಿಟ್ಟುಕೊಳ್ಳಿ.