ಪುಕ್ಕಟೆ ಗುದ್ದಾಟ, ಹರಕು ಇಂಗ್ಲಿಷಿನ ದೂರು!

ಕನ್ನಡಿಗರೇ, ಹೊಸಪೇಟೆ, ಸಂಡೂರು, ಕಂಪ್ಲಿಯ ಹುಡುಗರ ಕೈಯ ಮೊಬೈಲು ನೋಡಿ. 'ರಿಯಲ್ ಸ್ಟೀಲ್', ಕಬ್ಬಿಣದ ರೋಬೋಗಳ ಮುಷ್ಟಿಕಾಳಗ! (ಸಂಡೂರಿನ ಅದಿರಲ್ಲ ಬಿಡಿ.) 2013ರಲ್ಲಿ ಇದನ್ನು ತಂದದ್ದು ನಮ್ಮ ದೇಶದ್ದೇ ರಿಲಯನ್ಸ್ ಗೇಮ್ಸ್. ಆಟ ಪುಕ್ಕಟೆ, ರೋಬೋಗೆ ಬೇಗ ಬಲ ಬರಬೇಕೇ, ಕಾಸು ಬಿಚ್ಚಿ!

ಸೋತ ಹುಡುಗ ಬೈಯುವುದು ಅಚ್ಚ ಬಳ್ಳಾರಿ ಸೀಮೆಯ ಕನ್ನಡದಲ್ಲಿ. ಪ್ಲೇ ಸ್ಟೋರಿನಲ್ಲಿ ಅಭಿಪ್ರಾಯ ಬರೆಯುವಾಗ ಮಾತ್ರ ಹರಕು ಇಂಗ್ಲಿಷ್! ಯಾಕ್ರೀ ಈ ನಾಚಿಕೆ? ಹಂಪಿಯ ಮಹಾನವಮಿಯಲ್ಲಿ ಜಟ್ಟಿಗಳು ಹಲ್ಲು ಮುರಿಯುವಂತೆ ಗುದ್ದಾಡಿದ್ದನ್ನು ಕಂಡ ಪೋರ್ಚುಗೀಸ್ ಪಾಯಸ್, ತನ್ನ ಭಾಷೆಯಲ್ಲೇ ಬರೆದಿಟ್ಟ. ನಿಮಗೇನು ಕಡಿಮೆ? ಕನ್ನಡ ಕೀಲಿಮಣೆ ಮೊಬೈಲಿನಲ್ಲೇ ಇದೆ. ಮೆಚ್ಚುಗೆ, ಸಿಟ್ಟು, ಖರ್ಚಾದ ಕಾಸಿನ ಲೆಕ್ಕ, ಎಲ್ಲ ಕನ್ನಡದಲ್ಲಿ ಬರೆಯಿರಿ. ಆಡುತ್ತಿರುವವರು ಕನ್ನಡಿಗರೆಂದು ಕಂಪನಿಗೆ ಇನ್ನು ಹೇಗೆ ಗೊತ್ತಾಗಬೇಕು?